ಬ್ಯಾಕಪ್ ಇದ್ಯಲ್ಲ, ಬಿಡಿ

ಬೆಂಗಳೂರಲ್ಲಿ ಮನೆ ಹುಡುಕಿದವರಿಗೆಲ್ಲ ಗೊತ್ತಿರುತ್ತೆ. ಅಪಾರ್ಟ್‌ಮೆಂಟಿನ ಬಣ್ಣದ ಕಾಗದದಲ್ಲಿ ಈಜುಕೊಳಕ್ಕೂ ಕ್ಲಬ್‌ಹೌಸಿಗೂ ನಡುವೆ ಎಲ್ಲೋ ಒಂದು ಸಾಲು ಇದ್ದೇ ಇರುತ್ತೆ: ನೂರಕ್ಕೆ ನೂರು ಪವರ್ ಬ್ಯಾಕಪ್. ಕೊಳ್ಳೋರೂ ಕೇಳ್ತಾರೆ, ಮಾರೋರೂ ಹೇಳ್ತಾರೆ. ಸರ್ಕಾರಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತೆ, ಈ ಬಡಾವಣೆಗೆ ಯಾವ ಸಬ್‌ಸ್ಟೇಷನ್ನಿಂದ ಲೈನ್ ಬಂದಿದೆ ಅಂತ ಮಾತ್ರ ಇಬ್ಬರಲ್ಲಿ ಯಾರೂ ಬಾಯಿ ಬಿಡಲ್ಲ. ಕರೆಂಟು ಹೋಗೋದು ಮಳೆಗಾಲದಲ್ಲಿ ಮಳೆ ಬಂದ ಹಾಗೆ, ಅದಕ್ಕೊಂದು ಕೊಡೆ ಬೇಕು, ಕೊಡೆ ನಾವು ಕೊಡ್ತೀವಿ ಅನ್ನೋ ಧಾಟಿ.

ಆ ಸಾಲನ್ನ ಸ್ವಲ್ಪ ಒತ್ತಿ ಓದಿದರೆ ನೂರಕ್ಕೆ ನೂರು ಅನ್ನೋದೂ ಕರಗುತ್ತಾ ಬರುತ್ತೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಕ್ಕೆ ನೂರಕ್ಕೆ ನೂರು. ಮನೆಯೊಳಗೆ ಬಹಳ ಕಡೆ ಒಂದೋ ಎರಡೋ ಕಿಲೋವ್ಯಾಟ್. ಅಂದ್ರೆ ಫ್ಯಾನು, ಲೈಟು, ಟಿವಿ, ಲ್ಯಾಪ್‌ಟಾಪು, ಫ್ರಿಜ್. ಗೀಸರ್ ಹಾಕಿದರೆ ಟ್ರಿಪ್. ಕೆಲವು ಕಡೆ ಜನರೇಟರ್ ಯೂನಿಟ್ಟಿಗೆ ಬೇರೆ ಮೀಟರ್, ಬೇರೆ ದರ. ಇನ್ನು ಕೆಲವು ಕಡೆ ಡೀಸೆಲ್ ಖರ್ಚು ತಿಂಗಳ ಮೇಂಟೆನೆನ್ಸಿನಲ್ಲಿ ಸೇರಿ ಹೋಗಿರುತ್ತೆ, ಯಾರ ಕಣ್ಣಿಗೂ ಬೀಳಲ್ಲ. ನನ್ನ ತಕರಾರು ಈ ಕಣ್ಣಿಗೆ ಬೀಳದೇ ಇರೋದರ ಮೇಲೆ. ಜನರೇಟರ್ ಇಟ್ಕೊಂಡವರ ಮೇಲೆ ಅಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೊಂದು ಹೋಲಿಕೆ ಇದೆ, ಅದನ್ನೇ ಹೇಳ್ತೀನಿ. ಒಂದು ಸರ್ವರ್ ಬಿದ್ದರೆ ಇನ್ನೊಂದು ಎತ್ತಿಕೊಳ್ಳಲಿ ಅಂತ ಫಾಲ್‌ಬ್ಯಾಕ್ ಬರೀತೀವಿ. ಬರೆಯಲೇಬೇಕು. ಆದರೆ ಹೊಸಬರು ಬರೆದ ಕೋಡನ್ನ ರಿವ್ಯೂ ಮಾಡುವಾಗ ಹಳಬರು ಕೇಳೋ ಮೊದಲ ಪ್ರಶ್ನೆ, 'ಫಾಲ್‌ಬ್ಯಾಕಿಗೆ ಹೋಯ್ತು ಅಂತ ಯಾರಿಗೆ ಗೊತ್ತಾಗುತ್ತೆ?' ಎರಡನೇ ಸರ್ವರ್ ಸದ್ದಿಲ್ಲದೆ ಕೆಲಸ ಮಾಡ್ತಾ ಇದ್ದರೆ ಬಳಸೋರಿಗೆ ವ್ಯತ್ಯಾಸವೇ ತಿಳಿಯಲ್ಲ, ಸಂತೋಷ. ಮೊದಲನೇದು ಸತ್ತು ಮೂರು ವಾರ ಆದ್ರೂ ಯಾರೂ ಅದರ ಹತ್ತಿರ ಹೋಗಲ್ಲ. ಅದಕ್ಕೇ ಫಾಲ್‌ಬ್ಯಾಕ್ ಬರೆದವನು ಜೊತೆಗೆ ಅಲರ್ಟನ್ನೂ ಬರೀಬೇಕು. ಮೊದಲನೇದು ಬಿದ್ದ ಕ್ಷಣ ಯಾರದಾದ್ರೂ ಫೋನು ಹೊಡ್ಕೊಬೇಕು, ನಿದ್ದೆ ಕೆಡಬೇಕು. ಅಲರ್ಟ್ ಇಲ್ಲದ ಫಾಲ್‌ಬ್ಯಾಕ್ ರಿವ್ಯೂನಲ್ಲಿ ಪಾಸಾಗಲ್ಲ.

ಮನೆಮನೆಯ ಯುಪಿಎಸ್ಸು, ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರು, ಊರ ಕಡೆಯ ಪೆಟ್ರೋಲ್ ಜನರೇಟರು, ಇವೆಲ್ಲ ಅಲರ್ಟ್ ಇಲ್ಲದ ಫಾಲ್‌ಬ್ಯಾಕುಗಳು. ಕತ್ತಲೆಯನ್ನ ಮುಚ್ಚುತ್ತವೆ, ಕತ್ತಲೆಯ ಸುದ್ದಿಯನ್ನೂ ಮುಚ್ಚುತ್ತವೆ.

ಊರಲ್ಲಿ ಇದು ಹೇಗಾಯ್ತು ಅಂತ ನೋಡಿದರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ನನ್ನದು ಮಲೆನಾಡಿನ ಹಳ್ಳಿ, ಅಡಿಕೆ ತೋಟದ ಸೀಮೆ. ನಾನು ಚಿಕ್ಕವನಿದ್ದಾಗ ಜನರೇಟರ್ ಅಂದ್ರೆ ಮನೆಯ ಸಾಮಾನಲ್ಲ, ಬಾಡಿಗೆಗೆ ಬರೋ ಅತಿಥಿ. ಮದುವೆಗೆ ಬರ್ತಿತ್ತು, ರಥೋತ್ಸವಕ್ಕೆ ಬರ್ತಿತ್ತು, ಯಕ್ಷಗಾನದ ಆಟಕ್ಕೆ ಬರ್ತಿತ್ತು. ಚಪ್ಪರದವನ ಜೊತೆಗೆ ಟೆಂಪೋದಲ್ಲಿ ಬಂದಿಳಿದು, ಗದ್ದೆಯ ಆಚೆ ತುದಿಯಲ್ಲಿ ಕೂತು, ಇಡೀ ರಾತ್ರಿ ಡಗಡಗ ಅಂತಿತ್ತು. ಅದರ ಪಕ್ಕ ಕಂಬಳಿ ಹೊದ್ದು ಒಬ್ಬ ಮನುಷ್ಯ ಕೂತಿರ್ತಿದ್ದ, ಅದಕ್ಕೆ ಡೀಸೆಲ್ ಕುಡಿಸೋಕೆ. ನಮಗೆ ಆ ಸದ್ದು ಕೇಳಿದರೆ ಪಾಯಸ ನೆನಪಾಗ್ತಿತ್ತು. ಕರೆಂಟಿಲ್ಲ ಅನ್ನೋದು ನೆನಪಾಗ್ತಿರಲಿಲ್ಲ.

ಉಳಿದ ದಿನ ಕರೆಂಟು ಹೋದರೆ ಊರಿಗೆ ಊರೇ ಹೋಗ್ತಿತ್ತು. ದೊಡ್ಡ ಮನೆ, ಸಣ್ಣ ಮನೆ, ಶಾಲೆ, ಹಿಟ್ಟಿನ ಗಿರಣಿ, ಎಲ್ಲ ಒಟ್ಟಿಗೆ. ಊರಿನ ಮೊದಲ ಫೋನು ಇದ್ದದ್ದು ದೊಡ್ಡ ಮನೆಯಲ್ಲಿ. ಸೆಕ್ಷನ್ ಆಫೀಸಿಗೆ ಫೋನ್ ಮಾಡೋದೂ ಅವರೇ. ಅವರು ಪರೋಪಕಾರಿ ಆಗಿದ್ರು ಅಂತಲ್ಲ. ಅವರ ಮನೆಯಲ್ಲೂ ಕತ್ತಲೆ ಇರ್ತಿತ್ತು, ಅವರ ತೋಟದ ಪಂಪೂ ನಿಂತಿರ್ತಿತ್ತು. ಅವರು ಫೋನ್ ಮಾಡಿದರೆ ಆ ಕಡೆ ಎತ್ತುತ್ತಾ ಇದ್ರು, ಎತ್ತಿದ ಮೇಲೆ 'ಹೂಂ, ಕಳಿಸ್ತೀವಿ' ಅಂತಿದ್ರು. ದೊಡ್ಡ ಮನೆಯವರ ಸಿಟ್ಟಿನಲ್ಲಿ ಕೇರಿಯ ಮನೆಗಳಿಗೂ ಬೆಳಕು ಬರ್ತಿತ್ತು. ಊರ ಅಲರ್ಟ್ ಅಂದ್ರೆ ಅದು.

ಈಗ ಅದೇ ದೊಡ್ಡ ಮನೆಯಲ್ಲಿ ಎರಡು ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಇದೆ. ಅದೂ ಸಾಲದಿದ್ದರೆ ಕೊಟ್ಟಿಗೆ ಪಕ್ಕ ಜನರೇಟರ್ ಇದೆ. ಮೊನ್ನೆ ಮಳೆಗಾಲದಲ್ಲಿ ಊರಿಗೆ ಹೋದಾಗ ಕರೆಂಟು ಹೋಗಿ ಅರ್ಧ ದಿನ ಆಗಿತ್ತು. ಆ ಮನೆಯ ಯಜಮಾನರಿಗೆ ಹೇಳಿದೆ. 'ಹೌದನಾ? ಕರೆಂಟಿಲ್ವಾ?' ಅಂದ್ರು. ನಾಟಕ ಅಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೊದಲು ಊರಿಗೆಲ್ಲ ಮುಂಚೆ ಗೊತ್ತಾಗ್ತಿದ್ದ ಮನೆಗೆ ಈಗ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತೆ. ಉಳಿದವರ ಕೈಯಲ್ಲಿ ಈಗ ಫೋನಿದೆ, ಸಹಾಯವಾಣಿ ನಂಬರೂ ಇದೆ. ಆದರೆ ಯಾರು ಫೋನ್ ಮಾಡಿದರೆ ಜೀಪು ಹೊರಡುತ್ತೆ ಅನ್ನೋದು ಊರವರಿಗೂ ಗೊತ್ತು, ಆಫೀಸಿನವರಿಗೂ ಗೊತ್ತು.

ನಗರದಲ್ಲೂ ಕತೆ ಬೇರೆ ಅಲ್ಲ. ಅರ್ಜಿ ಬರೆಯೋಕೆ ಬರೋರು, ಎಂಎಲ್‌ಎ ಪರಿಚಯ ಇರೋರು, ಟ್ವಿಟರಿನಲ್ಲಿ ಇಲಾಖೆಯನ್ನ ಟ್ಯಾಗ್ ಮಾಡೋಕೆ ಪುರುಸೊತ್ತು ಇರೋರು, ಬಹುತೇಕ ಎಲ್ಲರೂ ಬ್ಯಾಕಪ್ಪಿನ ಒಳಗಿದ್ದಾರೆ. ಅವರಿಗೆ ಪವರ್ ಕಟ್ ಅಂದ್ರೆ ಲೈಟು ಒಂದು ಸಲ ಕಣ್ಣು ಮಿಟುಕಿಸಿದ್ದು. ಮೀಟಿಂಗಿನಲ್ಲಿ ಯಾರದೋ ವೈಫೈ ಎರಡು ಕ್ಷಣ ಕಳಚಿ ಮತ್ತೆ ಅಂಟಿಕೊಂಡದ್ದು. ಅದೇ ರಸ್ತೆಯ ಟೈಲರ್, ಜೆರಾಕ್ಸ್ ಅಂಗಡಿಯವನು, ಇಸ್ತ್ರಿಗೆ ಪಕ್ಕದಲ್ಲೇ ಕೂತ ಮಿಕ್ಸಿ ರಿಪೇರಿಯವನು ಆ ಎರಡು ಗಂಟೆ ಕೈ ಕಟ್ಟಿ ಕೂರ್ತಾರೆ. ನೈಜೀರಿಯಾದಲ್ಲಿ ಮನೆಗಳಲ್ಲಿ ಬಳಸೋ ಅಗ್ಗದ ಪುಟ್ಟ ಪೆಟ್ರೋಲ್ ಜನರೇಟರಿಗೆ ಜನ ಇಟ್ಟ ಅಡ್ಡಹೆಸರಿನ ಅರ್ಥ 'ಪಕ್ಕದ ಮನೆಯವನಿಗಿಂತ ನಾನು ವಾಸಿ' ಅಂತ. ನಾವು ಇಟ್ಟ 'ಬ್ಯಾಕಪ್' ಅನ್ನೋ ಹೆಸರು ಮರ್ಯಾದಸ್ತರದ್ದು. ಅವರ ಹೆಸರು ನಿಜ ಹೇಳುತ್ತೆ.

ವಾಸಿ ಅನ್ನೋದಕ್ಕೂ ಲೆಕ್ಕ ಇದೆ. ದೊಡ್ಡ ಡೀಸೆಲ್ ಜನರೇಟರ್ ಒಂದು ಲೀಟರಿಗೆ ಹೆಚ್ಚುಕಡಿಮೆ ಮೂರು, ಮೂರೂವರೆ ಯೂನಿಟ್ ಕೊಡುತ್ತೆ, ಅದೂ ಅದರ ತಾಕತ್ತಿಗೆ ತಕ್ಕ ಲೋಡ್ ಇದ್ದರೆ. ಇವತ್ತಿನ ಡೀಸೆಲ್ ದರದಲ್ಲಿ ಬರೀ ಎಣ್ಣೆಯ ಖರ್ಚೇ ಯೂನಿಟ್ಟಿಗೆ 25 ರೂಪಾಯಿ ದಾಟುತ್ತೆ. ಮನೆಗೆ ತರೋ ಸಣ್ಣ ಪೆಟ್ರೋಲ್ ಜನರೇಟರ್ ಒಂದು ಲೀಟರಿಗೆ ಎರಡು ಯೂನಿಟ್ ಕೊಟ್ಟರೆ ದೊಡ್ಡದು, ಎರಡು ಬಲ್ಬು ಒಂದು ಫ್ಯಾನಿಗೆ ಓಡಿಸಿದರೆ ಅದಕ್ಕಿಂತ ಎಷ್ಟೋ ಕಡಿಮೆ. ಯೂನಿಟ್ಟಿಗೆ 50 ರೂಪಾಯಿ, ಮೇಲೆ ಹೋದರೂ ಆಶ್ಚರ್ಯ ಇಲ್ಲ. ಸರ್ಕಾರಿ ಯೂನಿಟ್ಟಿಗೆ ಮೂವತ್ತು ಪೈಸೆ ಏರಿದರೆ ನಾವು ಮಾಡೋ ಗಲಾಟೆಯನ್ನ ಇದರ ಪಕ್ಕ ಇಟ್ಟು ನೋಡಿ. ಆ ಮೂವತ್ತು ಪೈಸೆ ಪೇಪರಿನ ಮುಖಪುಟದಲ್ಲಿ ಬರುತ್ತೆ. ಈ 50 ರೂಪಾಯಿ ಪೆಟ್ರೋಲ್ ಬಂಕಿನ ಚೀಟಿಯಲ್ಲಿ ಬಂದು ಕಸದ ಬುಟ್ಟಿಗೆ ಹೋಗುತ್ತೆ.

ಇಲ್ಲೊಂದು ಮಾತು ಹೇಳಿಬಿಡ್ತೀನಿ, ಇಲ್ಲದಿದ್ದರೆ ಯಾರಾದರೂ ಜಗಳಕ್ಕೆ ಬರ್ತಾರೆ. ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲೆ ಉಸಿರಾಡೋ ಅಜ್ಜ ಇರೋ ಮನೆಗೆ ಹೋಗಿ 'ಬ್ಯಾಕಪ್ ಯಾಕೆ' ಅಂತ ಕೇಳೋ ಮೂರ್ಖ ನಾನಲ್ಲ. ಹಾಲು ತಂಪು ಮಾಡೋ ಕೇಂದ್ರಕ್ಕೆ ಜನರೇಟರ್ ಬೇಕೇ ಬೇಕು, ಎರಡು ಗಂಟೆ ನಿಂತರೆ ಸುತ್ತಲ ಹಳ್ಳಿಗಳ ಹಾಲು ಹುಳಿ. ನಾನೂ ಮನೆಯಿಂದ ಕೆಲಸ ಮಾಡೋನೇ, ನನ್ನ ಟೇಬಲ್ ಕೆಳಗೂ ಯುಪಿಎಸ್ ಇದೆ. ಸರ್ವರಿಗೆ ಫಾಲ್‌ಬ್ಯಾಕ್ ಬೇಡ ಅಂತ ಯಾರಾದ್ರೂ ಅಂತಾರಾ?

ಕರೆಂಟು ಯಾಕೆ ಹೋಗುತ್ತೆ ಅನ್ನೋದಕ್ಕೆ ಮಲೆನಾಡಿನಲ್ಲಿ ದೊಡ್ಡ ರಹಸ್ಯ ಏನಿಲ್ಲ. 11 ಕಿಲೋವೋಲ್ಟಿನ ಬೆತ್ತಲೆ ತಂತಿ ಹತ್ತಾರು ಕಿಲೋಮೀಟರ್ ಕಾಡಿನಲ್ಲಿ, ತೋಟದ ಅಂಚಿನಲ್ಲಿ, ಹಳ್ಳ ದಾಟಿ ಬರುತ್ತೆ. ಆಷಾಢದ ಗಾಳಿಗೆ ಎಲ್ಲೋ ಒಂದು ಮರ, ಅಥವಾ ಒಂದು ಬಿದಿರಿನ ತಲೆ ಅದರ ಮೇಲೆ ಒರಗಿದರೆ ಆ ಫೀಡರಿನ ಎಲ್ಲ ಊರೂ ಕತ್ತಲೆ. ಎಲ್ಲಿ ಒರಗಿದೆ ಅಂತ ಹುಡುಕೋದು ಕಾಲ್ನಡಿಗೆಯಲ್ಲಿ, ಇಬ್ಬರೋ ಮೂವರೋ, ಕೈಯಲ್ಲಿ ಕತ್ತಿ. ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ: ಹೊದಿಕೆ ಇರೋ ತಂತಿ, ಮಳೆಗಾಲಕ್ಕೆ ಮುಂಚೆ ಕೊಂಬೆ ಸವರೋದು, ಉದ್ದ ಫೀಡರನ್ನ ನಡುವೆ ಕಡಿದು ಸ್ವಿಚ್ ಹಾಕೋದು, ಜನ ಹೆಚ್ಚು ಕೊಡೋದು. ಎಲ್ಲದಕ್ಕೂ ದುಡ್ಡು ಬೇಕು. ದುಡ್ಡು ಎಲ್ಲಿಗೆ ಹೋಗಬೇಕು ಅನ್ನೋದು ಯಾರು ಕೂಗ್ತಾರೆ ಅನ್ನೋದರ ಮೇಲೆ ನಿಲ್ಲುತ್ತೆ.

ಇದೇ ಜಿಲ್ಲೆಯ ನೀರು ಶರಾವತಿಯಲ್ಲಿ 1035 ಮೆಗಾವ್ಯಾಟ್ ಕರೆಂಟ್ ಹುಟ್ಟಿಸುತ್ತೆ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರದ್ದು, ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಆ ಹಿನ್ನೀರಿಗೆ ಮನೆ ಬಿಟ್ಟು ಬಂದವರ ಎಷ್ಟೋ ಊರುಗಳಿಗೆ ಕರೆಂಟು ಬರೋಕೆ ದಶಕಗಳೇ ಹಿಡಿದವು. ಈ ವಿಷಯ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡಲ್ಲ.

ಹಾಗಾದ್ರೆ ಇಲಾಖೆಗೆ ಕತ್ತಲೆ ಗೊತ್ತಾಗೋದು ಹೇಗೆ? ಊರಲ್ಲಿ ಇವತ್ತಿಗೂ 'ಕೆಇಬಿಯವರು' ಅಂತಾರೆ. 1957ರಲ್ಲಿ ಹುಟ್ಟಿದ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಹಂಚಿಕೆಯ ಕೆಲಸ ಬೇರೆ ಬೇರೆ ಕಂಪನಿಗಳಿಗೆ ಹೋಯ್ತು, ಜನರ ನಾಲಿಗೆ ಮಾತ್ರ ಬದಲಾಗಲಿಲ್ಲ. ಈ ಕಂಪನಿಗಳು ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ಹೊತ್ತು, ಎಷ್ಟು ಸಲ ಕರೆಂಟು ಇರಲಿಲ್ಲ ಅನ್ನೋ ಲೆಕ್ಕ ಇಡ್ತವೆ. ಒಳ್ಳೇದೇ. ಆದರೆ ಆ ಲೆಕ್ಕ ನಡೆಯೋದು ಮುಖ್ಯವಾಗಿ ಫೀಡರ್ ಮಟ್ಟದಲ್ಲಿ, ಸಬ್‌ಸ್ಟೇಷನ್ನಿನ ಮೀಟರಿನಲ್ಲಿ. ಫೀಡರ್ ಜೀವಂತ ಇದ್ದು ನಮ್ಮ ಕೇರಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ? ಟ್ರಾನ್ಸ್‌ಫಾರ್ಮರ್ ಸರಿ ಇದ್ದು ಅಲ್ಲಿಂದ ಬರೋ ತಂತಿಯ ಒಂದು ಫೇಸ್ ಕಡಿದಿದ್ದರೆ? ಸಬ್‌ಸ್ಟೇಷನ್ನಿನಲ್ಲಿ ಕೂತ ಮೀಟರಿಗೆ ಎಲ್ಲ ಕ್ಷೇಮ. ಮೂರು ದಿನದ ಕತ್ತಲೆ ಲೆಕ್ಕಕ್ಕೇ ಸಿಗಲ್ಲ. ಅದು ಸಿಗಬೇಕಾದರೆ ಯಾರಾದರೂ ದೂರು ಬರೆಸಬೇಕು. ದೂರು ಬರೆಸೋರು ಬ್ಯಾಕಪ್ಪಿನಲ್ಲಿ ಟಿವಿ ನೋಡ್ತಿದ್ದಾರೆ.

ಮೂರು ದಿನ ಅಂತ ಸುಮ್ಮನೆ ಅಂದಿದ್ದಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸೇವಾ ಮಾನದಂಡದಲ್ಲಿ, ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಬದಲಿಸೋಕೆ ನಗರ, ಪಟ್ಟಣಕ್ಕೆ 24 ಗಂಟೆ, ಹಳ್ಳಿಗೆ 72 ಗಂಟೆ ಗಡುವು. ದೂರ, ರಸ್ತೆ, ಮಳೆ, ಎಲ್ಲ ಲೆಕ್ಕ ಹಾಕಿಯೇ ಇಟ್ಟಿರಬಹುದು, ನನಗೂ ಅರ್ಥ ಆಗುತ್ತೆ. ಆದ್ರೂ ಆ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ಓದುವಾಗ ಹಳ್ಳಿಯಲ್ಲಿ ಬೆಳೆದವನಿಗೆ ಒಂದು ಥರ ಆಗುತ್ತೆ. ನಗರದ ಒಂದು ದಿನಕ್ಕೆ ನಮ್ಮ ಮೂರು ದಿನ ಸಮ ಅಂತ ಕಾಗದದ ಮೇಲೇ ಇದೆ.

ದಿಲ್ಲಿಯ ನಿಯಮಕ್ಕೆ ಬನ್ನಿ. ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಎಲ್ಲರಿಗೂ ದಿನದ 24 ಗಂಟೆ ಕರೆಂಟು ಕೊಡಬೇಕು ಅನ್ನುತ್ತೆ. ಅದರ ಬೆನ್ನಿಗೇ, ಕೃಷಿಯಂಥ ಕೆಲವು ವರ್ಗಗಳಿಗೆ ಕಡಿಮೆ ಗಂಟೆ ಗೊತ್ತುಮಾಡಬಹುದು ಅಂತಲೂ ಅನ್ನುತ್ತೆ. 2022ರ ತಿದ್ದುಪಡಿಯಲ್ಲಿ ಡೀಸೆಲ್ ಜನರೇಟರಿನ ಮಾತು ಬಂತು: ಬ್ಯಾಕಪ್ಪಿಗೆ ಡೀಸೆಲ್ ಬಳಸೋರು ಐದು ವರ್ಷದಲ್ಲಿ ಬ್ಯಾಟರಿ ಜೊತೆಗಿನ ಸೌರಶಕ್ತಿಯಂಥ ಶುದ್ಧ ದಾರಿಗೆ ಬದಲಾಗಲು ಪ್ರಯತ್ನಿಸಬೇಕು, ಜನರೇಟರ್ ಓಡಿಸೋ ಅಗತ್ಯವೇ ಬೀಳದ ಹಾಗೆ ಕಂಪನಿಗಳು ನಿರಂತರ ಕರೆಂಟು ಕೊಡಬೇಕು. ಓದಿ ಖುಷಿಯಾಯ್ತು. ಕಾರಣ ಓದಿದ ಮೇಲೆ ಖುಷಿ ಅರ್ಧ ಇಳಿಯಿತು. ಅಲ್ಲಿ ಕೊಟ್ಟ ಕಾರಣ ಮಹಾನಗರ ಮತ್ತು ದೊಡ್ಡ ಊರುಗಳಲ್ಲಿ ಏರುತ್ತಿರುವ ಮಾಲಿನ್ಯ. ಜನರೇಟರಿನ ಹೊಗೆ ಕಣ್ಣಿಗೆ ಬಿತ್ತು, ಜನರೇಟರ್ ಯಾಕೆ ಓಡ್ತಿದೆ ಅನ್ನೋದು ಆ ಹೊಗೆಯ ಹಿಂದೆ ಉಳಿಯಿತು. ಸದ್ದಿಗೂ ನಿಯಮ ಇದೆ, ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಹೊಗೆಗೆ 2023ರ ಜುಲೈಯಿಂದ ಇನ್ನೂ ಬಿಗಿ ಮಾನದಂಡ ಬಂತು. ಸದ್ದು ಅಳೀತೀವಿ, ಹೊಗೆ ಅಳೀತೀವಿ. ಎಷ್ಟು ಗಂಟೆ ಓಡ್ತು ಅನ್ನೋದನ್ನ ಯಾರೂ ಕೇಳಲ್ಲ.

ತಮಾಷೆ ಅಂದ್ರೆ ಆ ಲೆಕ್ಕ ರೆಡಿ ಇದೆ. ಪ್ರತಿ ಅಪಾರ್ಟ್‌ಮೆಂಟಿನ ಜನರೇಟರಿನ ಪ್ಯಾನೆಲ್ ಮೇಲೂ ಒಂದು ಅವರ್ ಮೀಟರ್ ಇರುತ್ತೆ. ಸ್ಕೂಟರಿನ ಕಿಲೋಮೀಟರ್ ಮೀಟರಿನ ಥರ, ಎಂಜಿನ್ ಹುಟ್ಟಿದಾಗಿನಿಂದ ಎಷ್ಟು ಗಂಟೆ ಓಡಿದೆ ಅಂತ ತೋರಿಸುತ್ತೆ. ಇಂತಿಷ್ಟು ಗಂಟೆಗೆ ಆಯಿಲ್ ಬದಲಿಸಬೇಕು ಅನ್ನೋ ಕಾರಣಕ್ಕೆ ಅದನ್ನ ಇಟ್ಟಿರೋದು. ಎಷ್ಟೋ ಕಡೆ ಸೆಕ್ಯುರಿಟಿಯವರು ಒಂದು ಉದ್ದ ಪುಸ್ತಕದಲ್ಲಿ ಶುರು ಆದ ಹೊತ್ತು, ನಿಂತ ಹೊತ್ತು, ಹಾಕಿದ ಡೀಸೆಲ್ ಬರೆದೂ ಇಡ್ತಾರೆ. ನಮ್ಮ ಬಿಲ್ಡಿಂಗಿನ ಆ ಪುಸ್ತಕವನ್ನ ಒಂದು ಭಾನುವಾರ ಕೂತು ತಿರುವಿ ಹಾಕಿದೆ. ಯಾವ ದಿನ, ಯಾವ ಹೊತ್ತಿಗೆ, ಎಷ್ಟು ನಿಮಿಷ, ಎಲ್ಲ ಇದೆ. ಬೇಸಿಗೆಯ ಮಧ್ಯಾಹ್ನ ಎಷ್ಟು, ಮೊದಲ ಮಳೆಯ ಸಂಜೆ ಎಷ್ಟು, ಎಲ್ಲ ಇದೆ. ಫೀಡರಿನ ಲೆಕ್ಕಕ್ಕೆ ಸಿಗದ ನಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರಿನ ಕತ್ತಲೆಯೂ ಅದರಲ್ಲಿದೆ. ಅಸೋಸಿಯೇಷನ್ ಅದನ್ನ ನೋಡೋದು ಡೀಸೆಲ್ ಕಳ್ಳತನ ಆಗಿದ್ಯಾ ಅಂತ ಪತ್ತೆ ಹಚ್ಚೋಕೆ ಮಾತ್ರ. ಊರು ತುಂಬ ಇರೋ ಇಂಥ ಪುಸ್ತಕಗಳನ್ನ ಒಂದು ಕಡೆ ಸೇರಿಸಿದರೆ ಬೆಂಗಳೂರಿನ ಕತ್ತಲೆಯ ನಕ್ಷೆ ಸಿಗುತ್ತೆ, ಬಡಾವಣೆ ಬಡಾವಣೆಗೆ, ಗಂಟೆ ಗಂಟೆಗೆ. ಅಲರ್ಟ್ ಬರೆದೇ ಇದೆ, ಓದೋರಿಲ್ಲ.

ದರ ಏರಿಸೋ ಮುಂಚೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತೆ, ಆಕ್ಷೇಪಣೆ ಕರೆಯುತ್ತೆ. ಕೈಗಾರಿಕೆಯವರು ಬರ್ತಾರೆ, ರೈತ ಸಂಘದವರು ಬರ್ತಾರೆ. ಐನೂರು ಮನೆಯ ಅಪಾರ್ಟ್‌ಮೆಂಟ್ ಒಂದು ತನ್ನ ವರ್ಷದ ಅವರ್ ಮೀಟರ್ ರೀಡಿಂಗನ್ನ, ಡೀಸೆಲ್ ಬಿಲ್ಲನ್ನ ಜೆರಾಕ್ಸ್ ಮಾಡಿ ಅಲ್ಲಿ ಇಟ್ಟು, 'ನಿಮ್ಮ ಲೆಕ್ಕ ಇಷ್ಟು ಅನ್ನುತ್ತೆ, ನಮ್ಮ ಎಂಜಿನ್ ಇಷ್ಟು ಅನ್ನುತ್ತೆ' ಅಂತ ಕೇಳಬಹುದು. ಖರ್ಚು ಜೆರಾಕ್ಸಿನದ್ದು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದನ್ನ ಹೇಳಿದೆ. ಹೆಬ್ಬೆರಳು ಎರಡು ಬಂದವು. ಮೂರನೆಯವರು, 'ಯಾಕ್ ಸರ್ ತಲೆಬಿಸಿ, ಬ್ಯಾಕಪ್ ಇದ್ಯಲ್ಲ, ಬಿಡಿ' ಅಂದ್ರು.

ಇಷ್ಟು ಹೊತ್ತು ದೂರು ಕೊಡೋರ ಬಗ್ಗೆ ಮಾತಾಡಿದೆ. ದೂರು ಕೇಳಿ ಕಂಬ ಹತ್ತೋಕೆ ಬರೋನ ಬಗ್ಗೆ ಹೇಳದಿದ್ದರೆ ಇದು ಅರ್ಧ ಮಾತು.

ಊರ ಕಡೆ ಪೇಟೆಯಲ್ಲಿ ಜನರೇಟರ್ ಕೊಳ್ಳೋಕೆ ಹೋದವರ ಜೊತೆ ಹೋಗಿ ನೋಡಿ. ಅಂಗಡಿಯವರು ಎಷ್ಟು ಕೆವಿಎ, ಟ್ಯಾಂಕಿಗೆ ಎಷ್ಟು ಲೀಟರ್, ಹಗ್ಗ ಎಳೆಯೋದಾ ಸೆಲ್ಫ್ ಸ್ಟಾರ್ಟಾ, ವಾರಂಟಿ ಎಷ್ಟು, ಇಷ್ಟನ್ನ ಚೆನ್ನಾಗಿ ಹೇಳ್ತಾರೆ. ಮನೆಯ ವೈರಿಂಗಿಗೆ ಹೇಗೆ ಸೇರಿಸಬೇಕು ಅನ್ನೋದನ್ನ ಹೇಳಲ್ಲ. ಹೊಗೆಯ ಬಗ್ಗೆಯೂ ಹೇಳಲ್ಲ: ಮಳೆ ಅಂತ ಅದನ್ನ ಜಗಲಿಗೋ ಒಳಕೊಟ್ಟಿಗೆಗೋ ತಂದು ಬಾಗಿಲು ಹಾಕಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ, ಅದಕ್ಕೆ ವಾಸನೆ ಇಲ್ಲ, ಮಲಗಿದವರು ಮಲಗಿದ ಹಾಗೇ ಹೋಗ್ತಾರೆ.

ವೈರಿಂಗಿನ ವಿಷಯ ಇನ್ನೂ ವಿಚಿತ್ರ. ಸರಿಯಾದ ಕ್ರಮ ಅಂದ್ರೆ ಚೇಂಜ್‌ಓವರ್ ಸ್ವಿಚ್. ಹಿಡಿ ಒಂದು ಕಡೆ ಇದ್ದರೆ ಲೈನಿನ ಕರೆಂಟು, ನಡುವೆ ಆಫ್, ಇನ್ನೊಂದು ಕಡೆ ಜನರೇಟರ್. ಎರಡೂ ಒಟ್ಟಿಗೆ ಸೇರೋಕೆ ಸಾಧ್ಯವೇ ಇಲ್ಲದ ಹಾಗೆ ಅದರ ಕಟ್ಟಡವೇ ಇರುತ್ತೆ. ಫೇಸ್ ಜೊತೆ ನ್ಯೂಟ್ರಲ್ಲೂ ಬೇರೆಯಾಗೋ ಎರಡು ಪೋಲಿನದ್ದು ಬೇಕು. ಜನರೇಟರಿನ ಬೆಲೆಯ ಮುಂದೆ ಅದರ ಬೆಲೆ ಏನೇನೂ ಅಲ್ಲ. ಆದರೆ ಎಷ್ಟೋ ಮನೆಗಳಲ್ಲಿ ನಡೆಯೋದು ಬೇರೆ. ಒಂದು ವೈರಿನ ಎರಡು ತುದಿಗೂ ಪ್ಲಗ್ ಪಿನ್. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ. ಮನೆಯೆಲ್ಲ ಬೆಳಕು! ಮೈನ್ ಸ್ವಿಚ್ ಇಳಿಸಬೇಕು ಅಂತ ಗೊತ್ತಿರುತ್ತೆ, ಗೊತ್ತಿರೋರು ಮನೆಯಲ್ಲಿ ಇರಬೇಕಷ್ಟೆ.

ಮೈನ್ ಇಳಿಸದೇ ಇದ್ದರೆ ಏನಾಗುತ್ತೆ? ಬಿಇ ಮೊದಲ ವರ್ಷದಲ್ಲಿ ಕಂಪ್ಯೂಟರ್ ಸೈನ್ಸಿನವರಿಗೂ ಬೇಸಿಕ್ ಎಲೆಕ್ಟ್ರಿಕಲ್ ಇತ್ತು, ಟ್ರಾನ್ಸ್‌ಫಾರ್ಮರ್ ಮೇಲೆ ಪ್ರಶ್ನೆ ಗ್ಯಾರಂಟಿ. ನಾವು ಬಾಯಿಪಾಠ ಮಾಡಿ ಬರೆದದ್ದೇ: ಟ್ರಾನ್ಸ್‌ಫಾರ್ಮರಿಗೆ ಈ ಕಡೆ ಆ ಕಡೆ ಅನ್ನೋ ಭೇದ ಇಲ್ಲ. 11,000 ವೋಲ್ಟನ್ನ 230ಕ್ಕೆ ಇಳಿಸೋ ಅದೇ ಡಬ್ಬಿ, ಕೆಳಗಿನಿಂದ 230 ಕೊಟ್ಟರೆ ಮೇಲೆ 11,000 ಮಾಡುತ್ತೆ. ಸಬ್‌ಸ್ಟೇಷನ್ನಿನಲ್ಲಿ ಲೈನ್ ಆಫ್ ಮಾಡಿಸಿ, ಫೋನಿನಲ್ಲಿ ಖಾತ್ರಿ ಮಾಡಿಕೊಂಡು ಕಂಬ ಹತ್ತಿದವನ ಕೈಗೆ ನಮ್ಮ ಮನೆಯ ಟಿವಿಗೆ ಅಂತ ಹೊರಟ ಕರೆಂಟು ಹಿಂದಿನಿಂದ ಬರುತ್ತೆ. ಕೆಳಗಿನ ಲೈನಿನಲ್ಲೇ ಕೆಲಸ ಮಾಡ್ತಿದ್ದರೆ ಟ್ರಾನ್ಸ್‌ಫಾರ್ಮರೂ ಬೇಡ, 230 ವೋಲ್ಟೇ ಸಾಕು.

ಹೆಚ್ಚಿನ ಸಲ ಹೀಗಾಗಲ್ಲ, ಅದೇ ಸಮಸ್ಯೆ. ಮೈನ್ ಇಳಿಸದೆ ಹಚ್ಚಿದರೆ ಸಣ್ಣ ಜನರೇಟರಿನ ಮೇಲೆ ಸುತ್ತಲ ಮನೆಗಳ ಲೋಡೆಲ್ಲ ಬಿದ್ದು ಅದು ಉಸಿರುಗಟ್ಟಿ ನಿಲ್ಲುತ್ತೆ. 'ಥೋ, ಮೈನ್ ತೆಗೀಲಿಲ್ಲ ಮಾರಾಯ' ಅಂತ ನಗ್ತಾ ಸರಿ ಮಾಡ್ತಾರೆ. ಹತ್ತು ಸಲ ಹೀಗಾದರೆ ಹೆದರಿಕೆ ಹೋಗುತ್ತೆ. ಆದರೆ ತಂತಿ ಕಡಿದಿರೋದು ಮನೆಗೆ ಹತ್ತಿರದಲ್ಲೇ ಆಗಿದ್ದು, ತುಂಡಾದ ಆ ಚೂರಿನಲ್ಲಿ ಇರೋದು ನಮ್ಮದೊಂದೇ ಮನೆ ಆಗಿದ್ದರೆ ಹೊರಲಾರದ ಲೋಡೂ ಇಲ್ಲ, ಜನರೇಟರೂ ನಿಲ್ಲಲ್ಲ. ಲೈನ್‌ಮ್ಯಾನ್ ಬರೋದು ಸರಿಯಾಗಿ ಆ ತುಂಡು ತಂತಿಯ ಹತ್ತಿರವೇ.

ಮನೆ ಮೇಲೆ ಸೋಲಾರ್ ಹಾಕಿಸಿ ಗ್ರಿಡ್ಡಿಗೆ ಜೋಡಿಸಿದವರ ಒಂದು ಸಾಮಾನ್ಯ ದೂರಿದೆ. ಬಿಸಿಲು ಧಗಧಗ ಅಂತಿದ್ದರೂ ಲೈನಿನಲ್ಲಿ ಕರೆಂಟು ಹೋದ ತಕ್ಷಣ ಬ್ಯಾಟರಿ ಇಲ್ಲದ ಸೋಲಾರ್ ಕೂಡ ನಿಂತುಬಿಡುತ್ತೆ, ಇದೆಂಥ ಮೋಸ ಅಂತ. ಮೋಸ ಅಲ್ಲ ಸ್ವಾಮಿ. ಲೈನ್ ಸತ್ತಿದ್ದರೆ ತಾನೂ ಸಾಯಬೇಕು ಅಂತ ಆ ಇನ್ವರ್ಟರಿನೊಳಗೆ ಬರೆದಿಟ್ಟಿದ್ದಾರೆ, ಕಂಬದ ಮೇಲೆ ಇರಬಹುದಾದ ಮನುಷ್ಯನಿಗಾಗಿ. ಆ ನಿಯಮ ಬರೆದವರು ಅವನನ್ನ ಒಂದು ಸಲವಾದ್ರೂ ನೆನೆಸಿಕೊಂಡಿದ್ರು. ಪೆಟ್ರೋಲ್ ಜನರೇಟರಿನಲ್ಲಿ ಆ ನೆನಪನ್ನ ನಮ್ಮ ಮೇಲೆ ಬಿಟ್ಟಿದ್ದಾರೆ. ಮನೆ ಮನೆಗೆ ಚೇಂಜ್‌ಓವರ್ ಇದ್ಯಾ ಅಂತ ನೋಡೋಕೆ ಇಲಾಖೆಗೆ ಜನ ಇಲ್ಲ ಅನ್ನೋದು ಒಪ್ಪಬಹುದು. ಸ್ವಿಚ್ ಇಲ್ಲದೆ ಜನರೇಟರ್ ಮಾರಬಾರದು, ಬಿಲ್ಲಿನಲ್ಲಿ ಎರಡೂ ಇರಬೇಕು ಅಂತ ಮಾಡೋಕೆ ಜನ ಬೇಕಾಗಿಲ್ಲ.

ನಮ್ಮ ಕಡೆ ಬರೋ ಲೈನ್‌ಮ್ಯಾನಿಗೆ ಈಗ ಪವರ್‌ಮ್ಯಾನ್ ಅಂತ ಹೆಸರು. ಬಯಲುಸೀಮೆಯ ಹುಡುಗ, ಮಳೆ ಅಭ್ಯಾಸ ಇಲ್ಲ, ಕಾಲಿಗೆ ಉಂಬಳ ಹತ್ತಿದರೆ ಕುಣೀತಾನೆ. ತಂತಿಯನ್ನ ಟೆಸ್ಟ್ ಮಾಡದೆ, ಅರ್ಥಿಂಗ್ ರಾಡ್ ಹಾಕದೆ ಹತ್ತಬಾರದು ಅಂತ ಅವನಿಗೆ ಕಲಿಸಿದ್ದಾರೆ, ಅವನು ಹಾಕ್ತಾನೆ ಕೂಡ. ಅದರ ಮೇಲೆ ಅವನದ್ದೇ ಒಂದು ಕ್ರಮ ಇದೆ. ಹತ್ತೋ ಮುಂಚೆ ಬೈಕಿನ ಎಂಜಿನ್ ಆಫ್ ಮಾಡಿ, ರೇನ್‌ಕೋಟಿನ ಟೋಪಿ ಹಿಂದೆ ಸರಿಸಿ, ಮಳೆಯಲ್ಲಿ ಸುಮ್ಮನೆ ನಿಂತು ಕಿವಿ ಕೊಡ್ತಾನೆ, ಯಾವ ದಿಕ್ಕಿನ ಮನೆಯಿಂದ ಡಗಡಗ ಕೇಳುತ್ತೆ ಅಂತ. ಕೇಳಿದರೆ ದಾರಿಯಲ್ಲಿ ಹೋಗೋ ಯಾರನ್ನಾದರೂ ಆ ಮನೆಗೆ ಓಡಿಸ್ತಾನೆ. ಅವರು ಹೋಗಿ ಜನರೇಟರ್ ನಿಲ್ಲಿಸಿ, ಮೈನ್ ಇಳಿಸಿ, ಅಂಗಳದಿಂದ ಕೂಗು ಹಾಕಿದ ಮೇಲೆ ಅವನು ಬೆಲ್ಟ್ ಕಟ್ಟಿಕೊಳ್ತಾನೆ. ಇನ್ವರ್ಟರ್ ಇರೋ ಮನೆಗಳಿಂದ ಅವನಿಗೆ ಏನೂ ಕೇಳಿಸಲ್ಲ.